ಅಂಗಾಲಿನ ಚಿತ್ರ

ಮಾರ್ಚ್ 4

ಪ್ರೀತಿಯ ಅತ್ತೆಯವರಿಗೆ ನಮಸ್ಕಾರ.

ನಾನು ನಿಮ್ಮ ಅಣ್ಣನ ಮಗಳು. ಕೈಬರಹದಿಂದ ನಿಮಗೆ ಗುರುತು ಸಿಗಲಿಕ್ಕಿಲ್ಲ. ನೀವು ಕೊನೆಯ ಸಲ ನೋಡಿದಾಗ ನಾನು ಇನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದೆ. ಫೋನ್ ಮಾಡಬಹುದಿತ್ತು, ನಂಬರನ್ನು ಅಮ್ಮ ಕೊಟ್ಟಿದ್ದಾರೆ. ಆದರೆ ಫೋನಿನಲ್ಲಿ ‘ಹಲೋ’ ಆದ ಮೇಲೆ ನನಗೆ ಮಾತು ನಿಂತುಹೋಗುತ್ತದೆ.

ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಇಲ್ಲಿನ ಚಿತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಚಿತ್ರದ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿಸಿರುತ್ತಾರಲ್ಲ, ಯಾರು ಬರೆದದ್ದು, ಏನು ಹೇಳುತ್ತಿದೆ ಎಂದು, ಆ ಚೀಟಿಗಳನ್ನು ಬರೆಯುವವಳು ನಾನು. ಜನ ಚಿತ್ರ ನೋಡುವುದಕ್ಕಿಂತ ಹೆಚ್ಚು ಹೊತ್ತು ಚೀಟಿ ಓದುತ್ತಾರೆ. ಮೊದಮೊದಲು ಅದರಿಂದ ಖುಷಿಯಾಗುತ್ತಿತ್ತು. ಈಗ ಹೆದರಿಕೆಯಾಗುತ್ತದೆ.

ಮೇ ತಿಂಗಳಲ್ಲಿ ಒಂದು ಪ್ರದರ್ಶನವಿದೆ. ಅದಕ್ಕೆಂದು ಅಪ್ಪ ನಿಮ್ಮದೊಂದು ಚಿತ್ರ ಕೊಟ್ಟಿದ್ದಾರೆ. ಅವರ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿತ್ತು. ಬಾಗಿಲಿನಷ್ಟು ದೊಡ್ಡ ಹಲಗೆ. ನಿಮಗೆ ನೆನಪಿಲ್ಲದಿದ್ದರೆ ಎಂದು ಬರೆಯುತ್ತೇನೆ. ಕೆಳಗಡೆ ಎರಡು ಅಂಗಾಲು, ಒಂದೊಂದೂ ನನ್ನ ಮುಖಕ್ಕಿಂತ ದೊಡ್ಡದು. ಅವುಗಳ ಮೇಲೆ ಹಸಿರು ನಿಲುವಂಗಿಯ ಅಂಚು. ಆಮೇಲೆ ಮೈ ಕಿರಿದಾಗುತ್ತ ಆಗುತ್ತ ತುತ್ತತುದಿಯಲ್ಲಿ ಒಂದು ಪುಟ್ಟ ಮುಖ. ಕಣ್ಣುಗಳು ಕೆಳಕ್ಕೆ ಬಿದ್ದಿವೆ. ತುಟಿಗಳ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೀರು. ಮೊಣಕಾಲಿನ ಸುತ್ತ ಮೀನುಗಳು. ಅಂಚಿನುದ್ದಕ್ಕೂ ತೇಲುವ ಖಾಲಿ ಕುರ್ಚಿಗಳು. ಎಡಗಡೆ ಒಬ್ಬ ಚಂದ್ರ, ಅವನಿಗೆ ಬಾಗಿಲಿನ ಹಿಡಿಕೆ. ಹಿನ್ನೆಲೆಯೆಲ್ಲ ಸುಟ್ಟ ಇಟ್ಟಿಗೆಯ ಬಣ್ಣ.

ನನಗೆ ಇದು ಮುಳುಗುತ್ತಿರುವ ಹೆಂಗಸಿನಂತೆ ಕಂಡಿತು. ಹೊತ್ತು ಮುಳುಗುವ ವೇಳೆ, ಮಬ್ಬು ನೀರು, ಉಸಿರಿಗಾಗಿ ಮೇಲ್ಮುಖ ಮಾಡಿದ ಮೀನುಗಳು. ತುಂಬ ದುಃಖದ ಚಿತ್ರ. ಸರಿಯೇ? ನೀವು ಎರಡು ಸಾಲು ಬರೆದು ತಿಳಿಸಿದರೆ ಚೀಟಿಯಲ್ಲಿ ತಪ್ಪಾಗುವುದಿಲ್ಲ.

ಇಂತಿ,
ನಿಮ್ಮ ಅಣ್ಣನ ಮಗಳು


ಮಾರ್ಚ್ 15

ಇಲಿಮರೀ,

‘ಅತ್ತೆಯವರಿಗೆ’ ಅಂತೆ! ನಾನೇನು ನಿಮ್ಮ ಮೇಡಮ್ಮಾ? ಇನ್ನೊಂದು ಸಲ ಹಾಗೆ ಬರೆದರೆ ಲಕೋಟೆ ಒಡೆಯದೆ ಹಾಗೇ ವಾಪಸ್ ಕಳಿಸುತ್ತೇನೆ. ನೀನು ಇಲಿಮರಿ. ಯಾರು ಬಂದರೂ ನನ್ನ ಮಂಚದ ಕೆಳಗೆ ಹೋಗಿ ಕೂರುತ್ತಿದ್ದೆ. ಈಗ ಚೀಟಿಯ ಹಿಂದೆ ಕೂತಿದ್ದೀಯ, ಅಷ್ಟೇ ವ್ಯತ್ಯಾಸ.

ಉತ್ತರ ತಡವಾಯಿತು. ಇಲ್ಲಿ ಹೊಸ ನಾಟಕಕ್ಕೆ ಅರಮನೆಯ ಪರದೆ ಬರೆಯುತ್ತಿದ್ದೇನೆ. ಶೆಡ್ಡಿನ ನೆಲದುದ್ದಕ್ಕೂ ಬಟ್ಟೆ ಹಾಸಿ, ಕೋಲಿಗೆ ಕುಂಚ ಕಟ್ಟಿಕೊಂಡು ಅದರ ಮೇಲೇ ಬರಿಗಾಲಿನಲ್ಲಿ ಓಡಾಡಬೇಕು. ಮಂಡಿ ಚಿಪ್ಪು ಕಿರ್ ಅನ್ನುತ್ತದೆ. ಮಾಲೀಕ ಬಂದು, “ಅಮ್ಮ, ರಾಜ ಬಡವನ ಹಾಗೆ ಕಾಣ್ತಾನೆ, ಇನ್ನೂ ಎರಡು ಕಂಬ ಹಾಕಿ” ಅನ್ನುತ್ತಾನೆ. ಕಂಬ ಹಾಕಿದರೆ ರಾಜ ನಿಲ್ಲುವುದಕ್ಕೆ ಜಾಗ ಇರುವುದಿಲ್ಲ. ಇದು ನನ್ನ ವಿದ್ವತ್ತು.

ನಿನ್ನ ದುಃಖ ಚೆನ್ನಾಗಿದೆ. ಇಟ್ಟಿಗೆಯ ಬಣ್ಣ ಏಕೆಂದರೆ ಆವತ್ತು ನಾಟಕ ಕಂಪನಿಯವರು ಕೊಟ್ಟ ಡಬ್ಬದಲ್ಲಿ ಉಳಿದಿದ್ದದ್ದು ಅದೇ. ಹೊತ್ತು ಮುಳುಗುವ ವೇಳೆ ಏನಲ್ಲ, ಬೆಳಿಗ್ಗೆ ತಿಂಡಿ ತಿಂದು ಬರೆದದ್ದು. ಮೀನು ಏಕೆಂದರೆ ನನಗೆ ಮೀನು ಬರೆಯಲು ಬರುತ್ತದೆ, ಕುದುರೆ ಬರುವುದಿಲ್ಲ. ಬೇಕಿದ್ದರೆ ಚೀಟಿಯಲ್ಲಿ ಹಾಕಿಕೋ: ‘ಚಿತ್ರಕಾರಿಣಿಗೆ ಕುದುರೆ ಬರುವುದಿಲ್ಲ.’

ಅಣ್ಣನಿಗೆ ಅದನ್ನು ಕೊಡುವ ಅಧಿಕಾರ ಯಾರು ಕೊಟ್ಟರು ಎಂದು ಆಮೇಲೆ ಕೇಳುತ್ತೇನೆ. ಮೊದಲು ಹೇಳು, ಪ್ರದರ್ಶನದ ಹೆಸರೇನು?

ಅತ್ತೆ


ಮಾರ್ಚ್ 22

ಪ್ರೀತಿಯ ಅತ್ತೆಗೆ,

ರಜೆಗೆ ಮನೆಗೆ ಹೋಗಿದ್ದಾಗ ಅಮ್ಮನಿಗೆ ಪತ್ರ ಓದಿ ಹೇಳಿದೆ. ಕುದುರೆಯ ಜಾಗದಲ್ಲಿ ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಪ್ಪ ಒಳಗೆ ಬಂದ ಕೂಡಲೇ ನಗು ನುಂಗಿಕೊಂಡು ಬಟ್ಟೆ ಮಡಿಸತೊಡಗಿದರು.

ನೀವು ತಮಾಷೆ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಡಬ್ಬದಲ್ಲಿ ಒಂದೇ ಬಣ್ಣ ಉಳಿದಿದ್ದರೆ ಆ ಹಸಿರು ಎಲ್ಲಿಂದ ಬಂತು? ಇಟ್ಟಿಗೆಯ ಬಣ್ಣ ಡಬ್ಬದಲ್ಲಿ ಉಳಿದಿತ್ತೆಂದು ಬಂದಿರಬಹುದು. ಆದರೆ ಆ ಅಂಗಾಲುಗಳು ಹಾಗೆ ಬಂದವಲ್ಲ. ಒಂದೊಂದು ಬೆರಳಿಗೂ ನೀವು ಒಂದೊಂದು ದಿನ ಕೊಟ್ಟಿದ್ದೀರಿ. ನಾನು ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಉಗ್ರಾಣಕ್ಕೆ ಹೋಗಿ ಅದರ ಎದುರಿಗೇ ಕೂರುತ್ತೇನೆ.

ನಮ್ಮ ನಿರ್ದೇಶಕಿ ಮೇಡಂ ಬೇರೆ ಥರ ಓದುತ್ತಾರೆ. ಅವರು ಜಾಣೆ, ಬಹಳ ಓದಿಕೊಂಡವರು. ಅವರ ಪ್ರಕಾರ ಕಾಲುಗಳು ನೆಲ ಮುಟ್ಟುತ್ತಿಲ್ಲ, ಆದ್ದರಿಂದ ಅವು ಜೋತುಬಿದ್ದ ಕಾಲುಗಳು. ಕಪ್ಪಾದ ಅಂಗಾಲು ಅಂದರೆ ಜೀವ ಹೋದದ್ದು. ಬಾಯಿಯ ಗೀರು ಹೊಲಿಗೆ. ಖಾಲಿ ಕುರ್ಚಿಗಳು ಕೈಬಿಟ್ಟ ಬಂಧುಗಳು. ಚಂದ್ರನ ಹಿಡಿಕೆ ಅಂದರೆ ತೆರೆಯದ ಬಾಗಿಲು. “ಇಷ್ಟು ಸ್ಪಷ್ಟವಾಗಿ ಸಾವನ್ನ ಕರೆಯೋ ಚಿತ್ರ ನಾನು ನೋಡಿಲ್ಲ” ಎಂದರು. ಅವರು ಹೇಳುವಾಗ ಎಲ್ಲವೂ ಹಾಗೇ ಕಾಣುತ್ತದೆ. ಅವರು ಹೋದ ಮೇಲೆ ನನಗೆ ಯಾಕೋ ಒಪ್ಪಿಗೆಯಾಗುವುದಿಲ್ಲ, ಆದರೆ ಯಾಕೆ ಎಂದು ಹೇಳಲು ಬರುವುದಿಲ್ಲ. ಸಭೆಯಲ್ಲಿ ಬಾಯಿ ತೆರೆದೆ. “ಏನು?” ಎಂದರು. “ಏನಿಲ್ಲ ಮೇಡಂ” ಎಂದೆ.

ಇಲ್ಲಿ ಈಗಲೇ ಬಿಸಿಲು ಜೋರು. ಎದುರಿನ ಬೀದಿಯಲ್ಲಿ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ. ಮಧ್ಯಾಹ್ನ ಗಾಳಿಯೇ ಇರುವುದಿಲ್ಲ. ನಿಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಇಲಿಮರಿ


ಏಪ್ರಿಲ್ 1

ಇಲಿಮರೀ,

ಪ್ರದರ್ಶನದ ಹೆಸರು ಕೇಳಿದ್ದೆ. ನೀನು ಹವಾಮಾನ ಬರೆದಿದ್ದೀಯ.

ನಾನು ಪರದೆ ಬರೆಯುವವಳು. ಪರದೆಯ ಹಿಂದೆ ಯಾರಾದರೂ ನಿಂತಿದ್ದರೆ ಬಟ್ಟೆ ಉಬ್ಬುವುದರಲ್ಲೇ ಗೊತ್ತಾಗುತ್ತದೆ. ಏನೋ ಇದೆ. ಬರಿ.

ನಿನ್ನ ಮೇಡಂ ಹೇಳಿದ್ದನ್ನು ಊಟ ಮಾಡುತ್ತ ಓದಿದೆ. ನೆತ್ತಿಗೇರಿತು. ಸಾವನ್ನು ಕರೆಯುತ್ತದಂತೆ! ಸಾವು ನಮ್ಮ ಮನೆಗೆ ಬರಬೇಕಾದರೆ ಮೊದಲು ನಿಮ್ಮಪ್ಪನ ಹತ್ತಿರ ಚೀಟಿ ಬರೆಸಿಕೊಂಡು ಬರಬೇಕಿತ್ತು.

ಆದರೆ ಅವರು ಹಾಗೆ ಓದಿದರೆ ಓದಲಿ ಬಿಡು. ಅದಕ್ಕೂ ನಾನು ಉತ್ತರ ಕೊಡುವವಳಲ್ಲ. ಚಿತ್ರ ಬರೆದವಳು ಚಿತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಹೇಳುವುದಕ್ಕಾಗುತ್ತದಾ? ನಿನಗೆ ಒಪ್ಪಿಗೆಯಾಗದಿದ್ದರೆ ಯಾಕೆ ಎಂದು ನೀನೇ ಹುಡುಕು. ಎರಡು ಕಣ್ಣು, ಎಂ.ಎ. ಬೇರೆ ಇದೆ.

ಅತ್ತೆ


ಏಪ್ರಿಲ್ 8

ಅತ್ತೇ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಕ್ಷಮಿಸಿ. ಕಂಡುಹಿಡಿದೆ.

ಇವತ್ತು ಫೋಟೋ ತೆಗೆಸಲು ಚಿತ್ರವನ್ನು ಉಗ್ರಾಣದಿಂದ ಮೇಲಿನ ಹಜಾರಕ್ಕೆ ಸಾಗಿಸಿದರು. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲಿನ ತಿರುವು ಇಕ್ಕಟ್ಟು, ನಿಲ್ಲಿಸಿಕೊಂಡು ಹೋದರೆ ತಿರುಗುವುದಿಲ್ಲ. ಕೊನೆಗೆ ಇಬ್ಬರು ಕೂಲಿಯವರು ಹಲಗೆಯನ್ನು ಅಡ್ಡಡ್ಡ ಮಲಗಿಸಿ, ಚಿತ್ರ ಕೆಳಮುಖವಾಗಿ, ತಲೆಯ ಮೇಲೆ ಹೊತ್ತರು. ನಾನು ತಿರುವಿನಲ್ಲಿ ಬಾಗಿಲು ಹಿಡಿದು ನಿಂತಿದ್ದೆ. “ಬಗ್ಗಿ ಅಕ್ಕಾ, ತಲೆಗೆ ತಾಗತ್ತೆ” ಎಂದು ಮುಂದಿನವನು ಕೂಗಿದ. ಬಗ್ಗಿ ಮೇಲೆ ನೋಡಿದೆ.

ಅತ್ತೆ, ಅವಳು ನನ್ನ ಮೇಲೆ ನಡೆದುಹೋದಳು.

ಜೋತುಬಿದ್ದಿಲ್ಲ, ಮುಳುಗುತ್ತಲೂ ಇಲ್ಲ. ಗಾಜಿನ ನೆಲದ ಮೇಲೆ ಒಬ್ಬಳು ನಡೆಯುತ್ತಿದ್ದರೆ ಕೆಳಗಿನ ಮನೆಯವರಿಗೆ ಹೇಗೆ ಕಾಣುತ್ತಾಳೋ ಹಾಗೆ. ಕುರ್ಚಿಗಳು ತೇಲುತ್ತಿಲ್ಲ, ಅವುಗಳ ಅಡಿಭಾಗ ನಮಗೆ ಕಾಣುತ್ತಿದೆ. ದಾರಿ ಬಿಡಿಸಿಕೊಳ್ಳಲು ಅವಳೇ ಪಕ್ಕಕ್ಕೆ ತಳ್ಳಿದ್ದಾಳೆ. ಮೀನುಗಳು ಉಸಿರಿಗೆ ಒದ್ದಾಡುತ್ತಿಲ್ಲ, ಅವಳು ಹೋಗುವ ದಿಕ್ಕಿಗೇ ಹೊರಟಿವೆ. ಕಣ್ಣುಗಳು ದುಃಖದಿಂದ ಬಿದ್ದಿಲ್ಲ, ಹೆಜ್ಜೆ ಎಲ್ಲಿ ಇಡುತ್ತಿದ್ದೇನೆ ಎಂದು ನೋಡುತ್ತಿವೆ. ಬಾಯಿಯ ಗೀರು ಹೊಲಿಗೆಯಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡ ಕುಂಚ!

ಆಮೇಲೆ ಹಜಾರದಲ್ಲಿ ಅಂಗಾಲನ್ನು ಮತ್ತೆ ಹತ್ತಿರದಿಂದ ನೋಡಿದೆ. ಇಷ್ಟು ದಿನ ಒಪ್ಪಿಗೆಯಾಗದಿದ್ದದ್ದು ಇದೇ. ಹಿಮ್ಮಡಿ, ಬೆರಳಿನ ಬುಡ, ಬೆರಳ ತುದಿ ಮಾತ್ರ ಕಪ್ಪು. ನಡುವಿನ ಹಳ್ಳ ಬೆಳ್ಳಗಿದೆ. ಅದು ಸತ್ತ ಕಾಲಿನ ಬಣ್ಣವಲ್ಲ, ನಡೆದ ಕಾಲಿನ ಕೊಳೆ. ಹಿಮ್ಮಡಿಯ ಮಾಂಸ ಒತ್ತಿ ಚಪ್ಪಟೆಯಾಗಿದೆ. ಜೋತುಬಿದ್ದ ಹಿಮ್ಮಡಿ ಯಾವುದರ ಮೇಲೆ ಒತ್ತುತ್ತದೆ?

ಇದು ಗೋಡೆಯ ಚಿತ್ರವೇ ಅಲ್ಲ, ಚಾವಣಿಯ ಚಿತ್ರ. ಹೌದು ತಾನೆ?

ಈಗ ನೀವು ಕೇಳಿದ್ದಕ್ಕೆ ಉತ್ತರ. ಪ್ರದರ್ಶನದ ಹೆಸರು ‘ಮುರಿದ ಮನಸ್ಸುಗಳ ಕನಸು’. ಮಾನಸಿಕ ಕಾಯಿಲೆಯವರು ಬರೆದ ಚಿತ್ರಗಳು. ನಿಮ್ಮದನ್ನು ನೀವು ಕಾಯಿಲೆಯಲ್ಲಿ ಜೀವ ಕಳೆದುಕೊಳ್ಳಲು ಹೊರಟಾಗ ಬರೆದದ್ದು ಎಂದು ಅಪ್ಪ ಹೇಳಿ ಕೊಟ್ಟಿದ್ದಾರೆ. ಮೊದಲನೇ ಪತ್ರದಲ್ಲೇ ಇದನ್ನು ಬರೆದಿದ್ದೆ. ಹರಿದು, ಬೇರೆ ಬರೆದೆ.

ನಿಮ್ಮ ಇಲಿಮರಿ


ಏಪ್ರಿಲ್ 20

ಅತ್ತೆ,

ನಿಮ್ಮಿಂದ ಪತ್ರವಿಲ್ಲ. ಕೋಪ ಬಂದಿದ್ದರೆ ಬೈದು ಬರೆಯಿರಿ.

ಮೇಡಂಗೆ ಹೇಳಲು ಹೋದೆ. ಮೆಟ್ಟಿಲಿನ ವಿಷಯ ಶುರು ಮಾಡುವಷ್ಟರಲ್ಲಿ, “ಹಲಗೆಗೆ ಪೆಟ್ಟಾಯ್ತಾ?” ಎಂದರು. ಇಲ್ಲ ಎಂದೆ. “ಮತ್ತೇನು?” ಎಂದರು. ಕಾಲಿನ ಕೊಳೆಯ ಬಗ್ಗೆ ಹೇಳಿದೆ. “ಚೆನ್ನಾಗಿ ನೋಡಿದ್ದೀಯ, ಆದರೆ ಬರೆದವರ ಜೀವನ ಬೇರೆ ಹೇಳ್ತಾ ಇದೆಯಲ್ಲಮ್ಮ” ಎಂದು ಮೃದುವಾಗಿಯೇ ಹೇಳಿದರು. ಬೈದಿದ್ದರೆ ಅಳುವುದಾದರೂ ಸುಲಭವಾಗುತ್ತಿತ್ತು. ನನ್ನ ಚೀಟಿ ಬರುವುದು ತಡವಾಯಿತೆಂದು ಅವರೇ ಬರೆದುಬಿಟ್ಟಿದ್ದಾರೆ. ಅದರ ಕೊನೆಯ ಸಾಲು: ‘ಚಿತ್ರಕಾರಿಣಿ ಇಂದು ಯಾರೊಂದಿಗೂ ಸಂಪರ್ಕದಲ್ಲಿರುವ ಸ್ಥಿತಿಯಲ್ಲಿಲ್ಲ.’

ನಿಮ್ಮ ಪತ್ರಗಳು ಆಗ ನನ್ನ ಚೀಲದಲ್ಲೇ ಇದ್ದವು. ತೆಗೆಯಲಿಲ್ಲ.

ಇಲಿಮರಿ


ಏಪ್ರಿಲ್ 27

ಇಲಿಮರೀ,

ಕೋಪ ಬಂದಿತ್ತು. ನಿನ್ನ ಮೇಲಲ್ಲ. ಅಣ್ಣನ ಮೇಲೂ ಅಲ್ಲ, ಅವನ ಮೇಲಿನದು ಹಳೆಯದಾಗಿ ಗಟ್ಟಿಯಾಗಿದೆ, ಅದರ ಮೇಲೆ ಕುರ್ಚಿ ಹಾಕಿ ಕೂರಬಹುದು. ನೀನು ಕಂಡುಹಿಡಿದದ್ದಕ್ಕೇ ಕೋಪ. ಇಷ್ಟು ವರ್ಷ ಅದು ನನಗೊಬ್ಬಳಿಗೇ ಗೊತ್ತಿದ್ದ ಚಿತ್ರ. ಒಬ್ಬಳಿಗಲ್ಲ, ಇಬ್ಬರಿಗೆ. ನಿನ್ನ ಅಮ್ಮ ಏಣಿ ಹಿಡಿದಿದ್ದಳು.

ಕೇಳು. ನನ್ನ ಗಂಡ ಕೆಟ್ಟವನಲ್ಲ, ಕೈ ಎತ್ತಿದವನೂ ಅಲ್ಲ. ಒಂದು ದಿನ ನನ್ನ ಕುಂಚಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಹಳೇ ಸಾಮಾನಿನವನಿಗೆ ಕೊಟ್ಟ. ಮನೆಯ ಹೆಂಗಸು ನಾಟಕದವರ ಶೆಡ್ಡಿಗೆ ಹೋಗುವುದು ಅವನಿಗೆ ಸರಿಬರಲಿಲ್ಲ. ನಾನು ಅಣ್ಣನ ಮನೆಗೆ ಬಂದೆ. ಜನ ಕೇಳಿದರು. ನನ್ನ ತಂಗಿಗೆ ಗಂಡ ಬೇಡವಂತೆ, ಬಣ್ಣ ಬೇಕಂತೆ ಎಂದು ಹೇಳಲು ಅವನಿಗೆ ನಾಲಿಗೆ ಬರಲಿಲ್ಲ. ನರದ ಕಾಯಿಲೆ ಎಂದ. ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ? ಅಂಗಡಿಯಿಂದ ಮಾತ್ರೆ ತಂದ. ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಮಹಡಿಯ ಕೋಣೆಯಲ್ಲಿ ಮಲಗಿದವಳಿಗೆ ಕಾಣುವುದು ಚಾವಣಿಯೊಂದೇ. ಹಾಗಾದರೆ ಚಿತ್ರ ಅಲ್ಲೇ ಇರಲಿ ಎಂದುಕೊಂಡೆ. ಹಳೇ ಬೀರುವಿನ ಹಿಂಬದಿಯ ಹಲಗೆ ಬಿಚ್ಚಿ ನೆಲಕ್ಕೆ ಹಾಸಿದೆ. ಕಂಪನಿಯ ಗುರುಗಳು ಬಣ್ಣದ ಡಬ್ಬ ಕಳಿಸಿದರು. ಹಸಿರು ನಿನ್ನ ಅಮ್ಮ ತಂದುಕೊಟ್ಟದ್ದು, ಕಿಟಕಿಗೆ ಬಳಿದು ಮಿಕ್ಕಿದ್ದು. ನಿಂತು ಬರೆದೆ, ಅದರ ಮೇಲೆ ಓಡಾಡಿಕೊಂಡು. ಅಂಗಾಲಿಗೆ ನನ್ನದೇ ಕಾಲಿಗೆ ಮಸಿ ಹಚ್ಚಿ ಒತ್ತಿ, ದೊಡ್ಡದು ಮಾಡಿ ನೋಡಿಕೊಂಡೆ. ನೀನು ಹಳ್ಳ ಬೆಳ್ಳಗಿದೆ ಎಂದಾಗ ಶೆಡ್ಡಿನಲ್ಲಿ ಒಬ್ಬಳೇ “ಶಹಬ್ಬಾಸ್” ಎಂದು ಕೂಗಿದೆ, ಬಡಗಿ ಹೆದರಿದ. ಆಮೇಲೆ ನಾನೂ ಅತ್ತಿಗೆಯೂ ಅದನ್ನು ಹಗ್ಗ ಕಟ್ಟಿ ತೊಲೆಗೆ ಎಳೆದೆವು. ನೀನು ಮಂಚದ ಕೆಳಗಿದ್ದೆ, ಅದಕ್ಕೇ ನೋಡಲಿಲ್ಲ. ನಿಮ್ಮಪ್ಪ ದಿನಾ ಬಾಗಿಲಿಗೆ ಬಂದು, “ಮಾತ್ರೆ ತಗೊಂಡ್ಯಾ?” ಎಂದು ಕೇಳಿ ಹೋಗುತ್ತಿದ್ದ. ಒಂದು ಸಲವೂ ಒಳಗೆ ಬಂದು ತಲೆ ಎತ್ತಲಿಲ್ಲ. ನಾನು ಮಾತ್ರೆ ಕಿಟಕಿಯಾಚೆ ಎಸೆದು, ಮಲಗಿಕೊಂಡು ಅವಳನ್ನು ನೋಡುತ್ತಿದ್ದೆ. ಹೀಗೇ ನಡಿ, ಹೀಗೇ ನಡಿ ಎಂದು ಅವಳು ಹೇಳುತ್ತಿದ್ದಳು.

ಮೊದಲು ಬರೆದೆ, ಆಮೇಲೆ ನಡೆದೆ. ಒಂದು ಬೆಳಿಗ್ಗೆ ನೀವೆಲ್ಲ ಕೆಳಗೆ ತಿಂಡಿ ತಿನ್ನುತ್ತಿದ್ದಾಗ ನಿಮ್ಮ ತಲೆಯ ಮೇಲಿನ ಮಹಡಿಯನ್ನು ದಾಟಿ ಹೊರಗಿನ ಮೆಟ್ಟಿಲು ಇಳಿದುಬಿಟ್ಟೆ. ಚಿತ್ರವನ್ನು ಆಮೇಲೆ ನಿನ್ನ ಅಮ್ಮ ಇಳಿಸಿ ಅಂಗಡಿಗೆ ಕಳಿಸಿದಳಂತೆ.

ಇದನ್ನು ಹೇಳದೆ ಇದ್ದದ್ದೇಕೆಂದರೆ, ಹೇಳಿದರೆ ‘ಧೀರ ಮಹಿಳೆ’ ಎಂದು ಇನ್ನೊಂದು ಚೀಟಿ ಅಂಟಿಸುತ್ತಾರೆ. ಅದೂ ಬೇಡ. ಹುಚ್ಚಿಯೂ ಬೇಡ, ಧೀರೆಯೂ ಬೇಡ. ಆದರೆ ನನ್ನ ಜೀವಂತ ಕಾಲನ್ನು ನೇಣಿಗೆ ಹಾಕಿದ್ದಾರಲ್ಲ, ಅದನ್ನು ಮಾತ್ರ ನಾನು ಬಿಡುವುದಿಲ್ಲ.

ಜೊತೆಗಿರುವ ಪತ್ರ ನಿಮ್ಮ ಮೇಡಂಗೆ. ಅಂಟಿಸಿಲ್ಲ, ಓದಿಕೋ. ಚಿತ್ರ ನನ್ನದು, ನಾನು ಯಾರಿಗೂ ಕೊಟ್ಟಿಲ್ಲ. ಕಾಯಿಲೆಯ ಮಾತು ತೆಗೆದು ಚಾವಣಿಗೆ ಹಾಕಿ, ಇಲ್ಲವಾದರೆ ನನ್ನ ಸೋದರ ಸೊಸೆಯ ಕೈಗೆ ವಾಪಸ್ ಕೊಡಿ ಎಂದು ಬರೆದಿದ್ದೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಅನ್ನ ಅಲ್ಲಿದೆ ಎಂಬುದು ನನಗೆ ಗೊತ್ತು. ಕೊಡದಿದ್ದರೆ ನಾನು ನಿನ್ನ ಬಗ್ಗೆ ಕೆಟ್ಟದಾಗಿ ಯೋಚಿಸುವುದಿಲ್ಲ. ಬೇರೆ ದಾರಿ ನೋಡುತ್ತೇನೆ.

ಅತ್ತೆ


ಮೇ 6

ಪ್ರೀತಿಯ ಅತ್ತೆಗೆ,

ಕೊಟ್ಟೆ.

ಕೊಡುವ ಮೊದಲು ಬಚ್ಚಲುಮನೆಗೆ ಹೋಗಿ ಕನ್ನಡಿಯ ಎದುರು ನಾಲ್ಕು ಸಲ ಅಭ್ಯಾಸ ಮಾಡಿದೆ. ಒಳಗೆ ಹೋದಾಗ ಅದರಲ್ಲಿ ಒಂದು ವಾಕ್ಯವೂ ನೆನಪಿರಲಿಲ್ಲ. “ಅತ್ತೆ ಬರೆದಿದ್ದಾರೆ ಮೇಡಂ” ಎಂದು ಮೇಜಿನ ಮೇಲಿಟ್ಟೆ.

ಅವರು ಓದಿದರು. “ಅವರು ಪತ್ರ ಬರೀತಾರಾ?”

“ಮಾರ್ಚಿನಿಂದ ನನಗೆ ಬರೀತಿದ್ದಾರೆ. ನಾಟಕದ ಪರದೆಗಳನ್ನ ಬರೆದು ಅವರೇ ದುಡಿದು ತಿಂತಿದ್ದಾರೆ.”

“ನಿಮ್ಮ ತಂದೆ ಹಾಗೆ ಹೇಳಲಿಲ್ವಲ್ಲ?”

“ಅಪ್ಪ ತಲೆ ಎತ್ತಿ ನೋಡಿಲ್ಲ ಮೇಡಂ.”

ಇದು ನನ್ನ ಬಾಯಿಂದಲೇ ಬಂದಿತೇ ಎಂದು ನನಗೇ ಅನುಮಾನ. ಮೇಡಂ ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ಬರೆದವರು ಹೇಳಿದ್ದೇ ಚಿತ್ರದ ಅರ್ಥ ಅಂತೇನಿಲ್ಲ. ನೀನೂ ಸಾಹಿತ್ಯ ಓದಿದವಳು, ಇದು ನಿನಗೆ ಗೊತ್ತಿಲ್ವಾ?”

ಗೊತ್ತಿದೆ, ಅತ್ತೆ. ಪರೀಕ್ಷೆಯಲ್ಲಿ ಇದರ ಮೇಲೇ ಉದ್ದುದ್ದ ಬರೆದಿದ್ದೆ, ಈಗಲೂ ಒಪ್ಪುತ್ತೇನೆ. ಅದಕ್ಕೇ ಹೇಳಿದೆ: “ಅತ್ತೆ ಹೇಳೋದಕ್ಕೆ ಮುಂಚೆ ಇದನ್ನ ನಾನು ನೋಡಿದ್ದು. ಅರ್ಥ ಏನು ಬೇಕಾದರೂ ಮಾಡಿ ಮೇಡಂ, ಆದರೆ ಅಂಗಾಲನ್ನ ನೋಡಿ ಮಾಡಿ. ನೀವು ಅಪ್ಪನ ಮಾತು ಕೇಳಿ ಮಾಡಿದ್ದೀರಿ.”

ಮೇಡಂ ಪತ್ರವನ್ನು ಮಡಿಸಿಟ್ಟರು. ಆಹ್ವಾನಪತ್ರ ಹೋಗಿದೆ, ಹೆಸರು ಬದಲಾಗುವುದಿಲ್ಲ, ಚಾವಣಿಗೆ ಹಾಕುವ ಮಾತೇ ಇಲ್ಲ ಎಂದರು. “ಹಾಗಾದ್ರೆ ವಾಪಸ್ ಕೊಡಿ” ಎಂದೆ. “ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ನಡುವಿನ ಗೋಡೆ ಖಾಲಿ ಮಾಡ್ತೀಯ. ನಾಳೆಯಿಂದ ನಾವಿಬ್ಬರೂ ಒಂದೇ ಕಡೆ ಹೇಗೆ ಕೆಲಸ ಮಾಡೋದು?” ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ, ನಿಜವಾಗಿಯೂ ಕೇಳಿದರು. ನಾನು ಕೊರಳಿನ ಗುರುತುಚೀಟಿ ತೆಗೆದು ಅದೇ ಮೇಜಿನ ಮೇಲಿಟ್ಟೆ. ಅದರ ದಾರ ನನ್ನ ಜಡೆಗೆ ಸಿಕ್ಕಿಕೊಂಡು ಬಿಡಿಸಲು ಬಾರದೆ, ಕೊನೆಗೆ ಮೇಡಮ್ಮೇ ಎದ್ದು ಬಂದು ಬಿಡಿಸಿಕೊಟ್ಟರು. ಧೀರತನ ಇಷ್ಟೇ, ಚೀಟಿ ಬರೆಯುವಷ್ಟೇನಿಲ್ಲ.

ಚಿತ್ರವನ್ನು ತಳ್ಳುಗಾಡಿಯಲ್ಲಿ ಹಾಕಿಸಿ ಅದರ ಪಕ್ಕದಲ್ಲೇ ನಡೆದು ಬಂದೆ. ಸಿಗ್ನಲಿನಲ್ಲಿ ಎಲ್ಲರೂ ನೋಡಿದರು. ಮೊದಲಾಗಿದ್ದರೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತು. ನಾನೂ ಅವರನ್ನೇ ನೋಡಿದೆ.

ಈಗ ಅವಳು ನನ್ನ ಬಾಡಿಗೆ ಕೋಣೆಯ ಚಾವಣಿಯಲ್ಲಿದ್ದಾಳೆ. ಬಡಗಿ ನಾಲ್ಕು ಕೊಂಡಿ ಹಾಕಿಕೊಟ್ಟ. ಸದ್ದು ಕೇಳಿ ಮನೆ ಯಜಮಾನಿ ಓಡಿ ಬಂದು, “ಮೊಳೆ ಹೊಡೀಬೇಡ ಅಂತ ಬಡ್ಕೊಂಡಿದ್ದೆ ತಾನೆ?” ಎಂದು ಕೂಗಾಡಿದರು. ಆಮೇಲೆ ಮೇಲೆ ನೋಡಿದರು. ಕತ್ತು ನೋಯುತ್ತದೆ ಎಂದು ಮಂಚದ ಮೇಲೆ ಕೂತರು, ಕೂತವರು ಮಲಗಿದರು. “ಏನೇ ಇವಳು, ಇಷ್ಟು ಧಿಮಾಕಿನಿಂದ ಹೋಗ್ತಿದ್ದಾಳೆ!” ಎಂದರು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುವವರೆಗೆ ಏಳಲಿಲ್ಲ. ನಾನು ಒಂದಕ್ಷರವೂ ವಿವರಿಸಿರಲಿಲ್ಲ, ಅತ್ತೆ.

ಇಲಿಮರಿ


ಮೇ 14

ಇಲಿಮರೀ,

ಧಿಮಾಕು! ಆ ಹೆಂಗಸಿಗೆ ನನ್ನ ಸಾಷ್ಟಾಂಗ ಹೇಳು. ಇಷ್ಟು ವರ್ಷದಲ್ಲಿ ಆ ಚಿತ್ರಕ್ಕೆ ಸರಿಯಾದ ಮಾತು ಸಿಕ್ಕಿದ್ದು ಇದೇ ಮೊದಲು. ನನಗೂ ಸಿಕ್ಕಿರಲಿಲ್ಲ.

ಕೆಲಸ ಬಿಟ್ಟದ್ದಕ್ಕೆ ನಾನು ಹೊಗಳುವುದಿಲ್ಲ. ಹೊಗಳಿಕೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ನಮ್ಮ ಕಂಪನಿಗೆ ನಾಟಕಗಳನ್ನು ತಿದ್ದಿ ಬರೆದುಕೊಡುವವರು ಬೇಕಾಗಿದ್ದಾರೆ. ಈಗಿರುವವನ ರಾಜ ಒಂದೇ ಉಸಿರಿಗೆ ಎರಡು ಪುಟ ಮಾತಾಡಿ ಕೆಮ್ಮುತ್ತಾನೆ. ಯೋಚಿಸು. ನನಗೋಸ್ಕರ ಬರಬೇಡ, ಬರಬೇಕೆನಿಸಿದರೆ ಬಾ.

ಚಂದ್ರನ ಹಿಡಿಕೆಯ ಬಗ್ಗೆ ನೀನು ಮತ್ತೆ ಕೇಳಲಿಲ್ಲ. ನನಗೂ ಗೊತ್ತಿಲ್ಲ. ಕನಸಿನಲ್ಲಿ ಬಂದಿತ್ತು, ಬರೆದೆ. ತೆರೆಯದ ಬಾಗಿಲು ಎಂದು ನಿನ್ನ ಮೇಡಂ ಹೇಳಿದ್ದು ಅದೊಂದರಲ್ಲಿ ಸರಿಯಿದ್ದರೂ ಇರಬಹುದು. ಅಷ್ಟನ್ನು ಅವರಿಗೆ ಬಿಟ್ಟುಕೊಡೋಣ.

ಅಣ್ಣನಿಗೆ ಸುದ್ದಿ ಮುಟ್ಟಿರುತ್ತದೆ. ಬರುತ್ತಾನೆ. ಹೆದರಬೇಡ ಎಂದು ನಾನು ಹೇಳುವುದಿಲ್ಲ. ಹೆದರಿಕೊಂಡೇ ನಿಂತಿರು.

ಅತ್ತೆ


ಮೇ 27

ಪ್ರೀತಿಯ ಅತ್ತೆಗೆ,

ನಿನ್ನೆ ಬಂದಿದ್ದರು, ಅಮ್ಮನೂ ಜೊತೆಗಿದ್ದರು.

ಅಪ್ಪ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಶುರು ಮಾಡಿದರು. ಮೇಡಂ ಎದುರು ಮಾನ ಹೋಯಿತು, ಕೊಟ್ಟ ಸಾಮಾನನ್ನು ಮಗಳೇ ಹೊತ್ತುಕೊಂಡು ಬಂದಳು, ಒಳ್ಳೆಯ ಕೆಲಸ ಕಾಲಿನಿಂದ ಒದ್ದಳು. ಅಮ್ಮ ಅವರನ್ನು ದಾಟಿಕೊಂಡು ಒಳಗೆ ಬಂದರು. ಮಂಚದ ಮೇಲೆ ನೆಟ್ಟಗೆ ಮಲಗಿ, ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, “ಈಗ ಸರಿಯಾದ ಕಡೆ ಇದ್ದಾಳೆ” ಎಂದರು. ಅಪ್ಪನ ಮಾತು ಅರ್ಧಕ್ಕೆ ನಿಂತಿತು. ಅಮ್ಮ ಹೀಗೆ ಇನ್ನೊಬ್ಬರ ಮನೆಯಲ್ಲಿ ಹಗಲು ಹೊತ್ತು ಕಾಲು ಚಾಚಿ ಮಲಗಿದ್ದನ್ನು ಅವರು ನೋಡಿರಲಿಲ್ಲ.

“ನಿನಗೇನು ಗೊತ್ತು?” ಎಂದು ನನ್ನ ಕಡೆ ತಿರುಗಿದರು. “ಹುಷಾರಿಲ್ಲ ಅಂತ ನಾನು ಹೇಳದೆ ಇದ್ದಿದ್ರೆ ಅವಳ ಗಂಡನ ಮನೆಯವರು ಎಳ್ಕೊಂಡು ಹೋಗ್ತಿದ್ರು. ಆ ಒಂದು ಮಾತಿಗೇ ಬಿಟ್ರು. ನಾನು ಅವಳನ್ನ ಉಳಿಸಿದ್ದು.”

ಅದು ಪೂರ್ತಿ ಸುಳ್ಳಲ್ಲವೇನೋ ಅತ್ತೆ, ನನಗೆ ಗೊತ್ತಿಲ್ಲ. ಆದರೂ ಕೇಳಿದೆ: “ಇಪ್ಪತ್ತು ವರ್ಷ ಆಯ್ತಲ್ಲಪ್ಪ. ಅವರಿಗೆ ಇನ್ನೂ ಹುಷಾರಾಗಿಲ್ವಾ?”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೋಣೆಯ ನಡುವೆ ನಿಂತು, ಮೇಲೆ ನೋಡದೆ, “ಇದನ್ನ ಇಳಿಸು” ಎಂದರು.

“ಇಲ್ಲ.”

ಅವರಿಗೆ ನಾನು ಈ ಶಬ್ದ ಹೇಳಿದ್ದು ಇದೇ ಮೊದಲು. ಸಣ್ಣ ಶಬ್ದ. ನನ್ನ ಧ್ವನಿ ಒಡೆದು ಕೀಚಲಾಗಿ ಬಂತು, ನಿಮ್ಮ ಇಲಿಮರಿ ಎಂಬ ಹೆಸರಿಗೆ ತಕ್ಕ ಹಾಗೆ. ಆದರೆ ಬಂತು. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಆಗ ಅಪ್ಪ ತಲೆ ಎತ್ತಿದರು. ಮೊದಲು ಸಿಟ್ಟಿನಿಂದ. ಆಮೇಲೆ ಸಿಟ್ಟು ಇಳಿದರೂ ತಲೆ ಇಳಿಸಲಿಲ್ಲ. ಮಂಚದ ಮೇಲೆ ಅಮ್ಮ, ಗೋಡೆಗೆ ಒರಗಿ ನಾನು, ನಡುವೆ ಅವರು. ಫ್ಯಾನು ಇಲ್ಲದ ಕೋಣೆ, ಫ್ಯಾನಿನ ಕೊಂಡಿಗೂ ನಿಮ್ಮ ಹಲಗೆಯನ್ನೇ ಕಟ್ಟಿದ್ದೇನೆ, ಅವರ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಕೊನೆಗೆ, ಅಂಗಡಿಯಲ್ಲಿ ಯಾವುದೋ ಔಷಧಿ ಎಲ್ಲಿಟ್ಟಿದ್ದೀಯ ಎಂದು ಕೇಳುವ ಸಣ್ಣ ದನಿಯಲ್ಲಿ ಕೇಳಿದರು:

“ಕುರ್ಚಿಯೆಲ್ಲ ಖಾಲಿ ಇದೆ. ಇದರಲ್ಲಿ ನಾವೆಲ್ಲ ಎಲ್ಲಿದ್ದೀವಿ?”

“ನೀವೀಗ ನಿಂತಿದ್ದೀರಲ್ಲಪ್ಪ, ಅಲ್ಲೇ.”

ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಇಲಿಮರಿ